ಯಂತ್ರದ ಹೆಗಲಿಗೆ ಮನುಷ್ಯನ ಹೊಣೆ

ರೋಬೋಟ್ ಎಂಬುದಕ್ಕೆ ಕನ್ನಡದಲ್ಲಿ ‘ಯಂತ್ರಮಾನವ’ ಎಂಬ ಪದ ಬಹುಕಾಲದಿಂದ ಬಳಕೆಯಲ್ಲಿದೆ. ಶಾಲಾ ಮಕ್ಕಳ ಪ್ರಬಂಧಗಳಲ್ಲಿ, ದಿನಪತ್ರಿಕೆಗಳ ವಿಜ್ಞಾನ ಪುರವಣಿಗಳಲ್ಲಿ, ರಸಪ್ರಶ್ನೆ ಸ್ಪರ್ಧೆಗಳಲ್ಲಿ ಎಲ್ಲೆಡೆಯೂ ಅದೇ. ಕೇಳಲು ಇಂಪಾದ, ನೆನಪಿನಲ್ಲಿ ಉಳಿಯುವ ಪದವೇನೋ ಹೌದು. ಆದರೆ ಅದು ತನ್ನೊಡಲಲ್ಲಿ ಒಂದು ಸುಳ್ಳನ್ನು ಇಟ್ಟುಕೊಂಡಿದೆ ಎಂದು ಹೇಳದೆ ವಿಧಿಯಿಲ್ಲ. ಯಂತ್ರದೊಳಗೆ ಮಾನವನಿಲ್ಲ. ಮಾನವನಿರುವುದು ಯಂತ್ರದ ಹಿಂದೆ. ಅದನ್ನು ರೂಪಿಸಿದವನಾಗಿ, ಹಣ ಕೊಟ್ಟು ಕೊಂಡವನಾಗಿ, ಗುಂಡಿ ಒತ್ತಿ ಚಾಲನೆ ಕೊಟ್ಟವನಾಗಿ, ಅದರ ದುಡಿಮೆಯಿಂದ ಲಾಭ ಪಡೆದವನಾಗಿ. ಹಿಂದೆ ನಿಂತಿರುವ ಈ ಮಾನವನನ್ನು ಕಣ್ಮರೆ ಮಾಡಿ, ಅವನು ಹೊರಬೇಕಾದ ಹೊಣೆಯನ್ನು ಮುಂದೆ ನಿಂತಿರುವ ಲೋಹದ ಹೆಗಲಿಗೆ ದಾಟಿಸುವ ಪ್ರಯತ್ನ ಇಂದು ಜಗತ್ತಿನಾದ್ಯಂತ ನಡೆಯುತ್ತಿದೆ. ಈ ಪ್ರಯತ್ನವನ್ನು ಕ್ರೈಸ್ತರಾದ ನಾವು ಒಪ್ಪಬಾರದು.

ಮೂಲ ಪದದಲ್ಲಿ ಮಾನವನ ಸುಳಿವೇ ಇಲ್ಲ. ಜೆಕ್ ದೇಶದ ಸಾಹಿತಿ ಕಾರೆಲ್ ಚಾಪೆಕ್ 1920ರಲ್ಲಿ ಬರೆದ, 1921ರ ಜನವರಿಯಲ್ಲಿ ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಪ್ರದರ್ಶನಗೊಂಡ ‘ಆರ್.ಯು.ಆರ್.’ ಎಂಬ ನಾಟಕದಿಂದ ಈ ಪದ ಲೋಕಪ್ರಸಿದ್ಧವಾಯಿತು. ಪದವನ್ನು ಸೂಚಿಸಿದವರು ಅವರ ಅಣ್ಣ, ಚಿತ್ರಕಾರ ಜೋಸೆಫ್ ಚಾಪೆಕ್. (ಈ ಜೋಸೆಫ್ ಮುಂದೆ ನಾಜಿಗಳ ಸೆರೆಯಾಳಾಗಿ 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಪ್ರಾಣಬಿಟ್ಟರು ಎಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.) ಜೆಕ್ ಭಾಷೆಯಲ್ಲಿ ‘ರೊಬೋತಾ’ ಎಂದರೆ ಒಕ್ಕಲು ಮಕ್ಕಳು ಜಮೀನ್ದಾರನ ಹೊಲದಲ್ಲಿ ಕೂಲಿಯಿಲ್ಲದೆ ಕಡ್ಡಾಯವಾಗಿ ಮಾಡಿಕೊಡಬೇಕಾಗಿದ್ದ ಕೆಲಸ. ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಅದು ರದ್ದಾದದ್ದು 1848ರಲ್ಲಿ. ನಮ್ಮ ಹಳ್ಳಿಗಳ ಹಿರಿಯರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಬಿಟ್ಟಿ, ಬೇಗಾರಿ ಎಂಬ ಎರಡು ಮಾತುಗಳಲ್ಲಿ ಅದೆಲ್ಲವೂ ಅಡಗಿದೆ. ವಿಮೋಚನಾಕಾಂಡದ ಮೊದಲ ಅಧ್ಯಾಯದಲ್ಲಿ ಇಸ್ರಯೇಲರು ಫರೋಹನಿಗಾಗಿ ಮಣ್ಣು ತುಳಿದು ಇಟ್ಟಿಗೆ ಮಾಡಿದ್ದೂ ಇದೇ ಬಿಟ್ಟಿ. ಚಾಪೆಕ್‌ರ ನಾಟಕದ ರೋಬೋಟ್‌ಗಳು ತವರದ ಡಬ್ಬಿಯಂಥ ಬೊಂಬೆಗಳಲ್ಲ. ಕಾರ್ಖಾನೆಯಲ್ಲಿ ಕೃತಕ ಜೀವದ್ರವ್ಯದಿಂದ ತಯಾರಾದ, ನೋಡಲು ಮನುಷ್ಯರಂತೆಯೇ ಇರುವ ಆಳುಗಳು. ಆತ್ಮವಿಲ್ಲದ, ಎದುರಾಡದ, ಸಂಬಳ ಕೇಳದ ಆಳು ಬೇಕು ಎಂಬ ಒಡೆಯನ ಹಳೆಯ ಕನಸೇ ಆ ನಾಟಕದ ವಸ್ತು. ಆದ್ದರಿಂದ ಹುಟ್ಟಿನಿಂದಲೇ ಆ ಪದವು ಯಂತ್ರದ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಒಡೆಯನ ಬಗ್ಗೆ ಹೇಳುತ್ತದೆ.

ಹಾಗಾದರೆ ರೋಬೋಟ್ ಎಂದರೇನು? ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2021ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಸಾರಾಂಶ ಇಷ್ಟು: ಮೊದಲೇ ಬರೆದಿಟ್ಟ ಆದೇಶಗಳಂತೆ, ಒಂದಿಷ್ಟು ಸ್ವಾಯತ್ತತೆಯೊಡನೆ, ಚಲಿಸುವ ಅಥವಾ ವಸ್ತುಗಳನ್ನು ಹಿಡಿದು ನಿರ್ವಹಿಸುವ ಯಂತ್ರ. ಸುತ್ತಲಿನದನ್ನು ಸಂವೇದಕಗಳ ಮೂಲಕ ಗ್ರಹಿಸಿ, ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಕೈಕಾಲಾಡಿಸುವುದು ಎಂದು ಸರಳವಾಗಿ ಹೇಳಬಹುದು. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಕಲ್ಪನೆಗಳು ಬುಡಮೇಲಾಗುತ್ತವೆ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೋಟಾರು ಕಾರ್ಖಾನೆಯೊಂದರಲ್ಲಿ ಬಿಸಿ ಲೋಹದ ಬಿಡಿಭಾಗಗಳನ್ನು ಎತ್ತಿಡಲು ತೊಡಗಿದ ‘ಯೂನಿಮೇಟ್’ ಮೊದಲ ಕೈಗಾರಿಕಾ ರೋಬೋಟ್. ಅದಕ್ಕೆ ಮುಖವೇ ಇರಲಿಲ್ಲ, ಇದ್ದದ್ದು ಒಂದು ತೋಳು ಮಾತ್ರ. ನಮ್ಮ ದೊಡ್ಡ ಆಸ್ಪತ್ರೆಗಳ ಜಾಹೀರಾತಿನಲ್ಲಿ ಕಾಣುವ ‘ರೋಬೋಟಿಕ್ ಶಸ್ತ್ರಚಿಕಿತ್ಸೆ’ಯಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಯಂತ್ರವಾದರೋ ತಾನಾಗಿ ಕತ್ತರಿ ಆಡಿಸುವುದಿಲ್ಲ; ಪಕ್ಕದಲ್ಲಿ ಕುಳಿತ ವೈದ್ಯರ ಬೆರಳುಗಳ ಚಲನೆಯನ್ನು ಅದು ಸೂಕ್ಷ್ಮಗೊಳಿಸಿ ಒಳಗೆ ತಲುಪಿಸುತ್ತದೆ, ಅಷ್ಟೇ. ಜಾಹೀರಾತು ನೋಡಿ ಬೆದರಿದ ಅಜ್ಜಿಯಂದಿರಿಗೆ ಇದನ್ನು ಯಾರಾದರೂ ತಿಳಿಸಿ ಹೇಳಿದರೆ ಪುಣ್ಯ ಬರುತ್ತದೆ.

2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯು ‘ವ್ಯೋಮಮಿತ್ರ’ವನ್ನು ಪರಿಚಯಿಸಿತು. ಹೆಣ್ಣಿನ ಮುಖ, ಕಾಲುಗಳಿಲ್ಲದ ದೇಹ. ಮಾತನಾಡುವ ಆ ಬೊಂಬೆಯ ಚಿತ್ರ ಪತ್ರಿಕೆಗಳ ಮುಖಪುಟಗಳನ್ನು ಅಲಂಕರಿಸಿತು. ಆದರೆ 2023ರ ಆಗಸ್ಟ್‌ನಲ್ಲಿ ಚಂದ್ರನ ನೆಲದ ಮೇಲೆ ಉರುಳಿದ ಆರು ಚಕ್ರಗಳ, 26 ಕಿಲೋ ತೂಕದ ‘ಪ್ರಜ್ಞಾನ್’ ಕೂಡ ರೋಬೋಟೇ. ಆಗಸ್ಟ್ 27ರಂದು ಅದರ ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿಯೊಂದು ಎದುರಾಯಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಭೂಮಿಯಿಂದ ಆದೇಶ ಹೋಯಿತು. ಪ್ರಜ್ಞಾನ್ ಹೆಸರಿನಲ್ಲಿ ಪ್ರಜ್ಞೆಯಿದೆ. ಪ್ರಜ್ಞೆ ಇದ್ದದ್ದು ಮಾತ್ರ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಆ ಚಿತ್ರಗಳನ್ನು ನೋಡುತ್ತಿದ್ದ ಮನುಷ್ಯರಲ್ಲಿ.

ಮೇಲಿನ ವ್ಯಾಖ್ಯೆಯಲ್ಲಿರುವ ‘ಸ್ವಾಯತ್ತತೆ’ ಎಂಬ ಪದವೇ ಎಲ್ಲ ಗೊಂದಲಗಳ ಬೇರು. ಎಂಜಿನಿಯರರ ಬಾಯಲ್ಲಿ ಅದರ ಅರ್ಥ ಅತ್ಯಂತ ಸೀಮಿತವಾದದ್ದು: ಕ್ಷಣಕ್ಷಣಕ್ಕೂ ಮನುಷ್ಯನ ಕೈ ತಾಗದೆ ಕೆಲಸ ಸಾಗುವುದು. ನೀತಿಶಾಸ್ತ್ರದಲ್ಲಿ ಅದರ ಅರ್ಥವೇ ಬೇರೆ: ಒಳಿತು ಕೆಡುಕುಗಳನ್ನು ಅರಿತು, ಬೇರೆಯದನ್ನು ಮಾಡಬಹುದಾಗಿದ್ದರೂ ಇದನ್ನೇ ಆರಿಸಿಕೊಂಡು, ಆ ಆಯ್ಕೆಗೆ ತಾನೇ ಉತ್ತರ ಕೊಡುವುದು. ಮೊದಲನೆಯ ಅರ್ಥದಲ್ಲಿ ಸ್ವಾಯತ್ತವಾದ ಯಂತ್ರಕ್ಕೆ ಎರಡನೆಯ ಅರ್ಥದ ಕಿರೀಟ ತೊಡಿಸುವುದು ಮಾರಾಟಗಾರರ ಜಾಣತನ. ವ್ಯವಹಾರದಲ್ಲಿ ಈ ಜಾಣತನ ಬಹಳ ಲಾಭದಾಯಕವೂ ಹೌದು. ಯಂತ್ರ ಚೆನ್ನಾಗಿ ನಡೆದಾಗ ಕೀರ್ತಿ ಕಂಪನಿಯದು; ಕೆಟ್ಟು ನಿಂತಾಗ ಮಾತ್ರ ‘ವ್ಯವಸ್ಥೆಯೇ ಹಾಗೆ ನಿರ್ಧರಿಸಿತು’.

ಇದು ಬರಿಯ ತರ್ಕವಲ್ಲ ಎಂಬುದಕ್ಕೆ ಎರಡು ಸಾವುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ.

1979ರ ಜನವರಿ 25ರಂದು ಅಮೆರಿಕದ ಮಿಶಿಗನ್ ರಾಜ್ಯದ ಫ್ಲ್ಯಾಟ್ ರಾಕ್ ಎಂಬಲ್ಲಿನ ಫೋರ್ಡ್ ಕಾರ್ಖಾನೆಯಲ್ಲಿ 25 ವರ್ಷದ ಕಾರ್ಮಿಕನೊಬ್ಬ ಬಿಡಿಭಾಗಗಳನ್ನು ತೆಗೆಯಲು ಕಪಾಟಿನ ಮೇಲೇರಿದ್ದಾಗ ರೋಬೋಟಿನ ತೋಳು ಬಡಿದು ಸತ್ತ. ರೋಬೋಟಿನಿಂದ ಮನುಷ್ಯ ಸತ್ತ ಮೊದಲ ದಾಖಲಿತ ಪ್ರಕರಣ ಇದು. ಅವನ ದೇಹ ಸಿಗುವವರೆಗೂ ಆ ಯಂತ್ರ ತನ್ನ ಪಾಡಿಗೆ ತಾನು ಕೆಲಸ ಮುಂದುವರಿಸಿತ್ತು. ರೋಬೋಟನ್ನು ತಪ್ಪಿತಸ್ಥನೆಂದು ಕರೆಯುವ ಯೋಚನೆ ಅಂದು ಯಾರಿಗೂ ಬರಲಿಲ್ಲ. 1983ರಲ್ಲಿ ನ್ಯಾಯಾಲಯದ ಪಂಚರು ಅದನ್ನು ತಯಾರಿಸಿದ ಕಂಪನಿಯೇ ಮೃತನ ಕುಟುಂಬಕ್ಕೆ ಒಂದು ಕೋಟಿ ಡಾಲರ್ ಕೊಡಬೇಕೆಂದು ತೀರ್ಪಿತ್ತರು. ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಎಂಬುದು ಅಂದಿನ ಜನರಿಗೆ ಗೊತ್ತಿತ್ತು.

ಇನ್ನು ಎರಡನೆಯದು. 2018ರ ಮಾರ್ಚ್ 18ರ ರಾತ್ರಿ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ 49 ವರ್ಷದ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಪರೀಕ್ಷಾರ್ಥವಾಗಿ ಓಡುತ್ತಿದ್ದ ಊಬರ್ ಕಂಪನಿಯ ಸ್ವಯಂಚಾಲಿತ ಕಾರು ಬಡಿದು ಅವರು ತೀರಿಕೊಂಡರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಿಂದ ಹೊರಬಿದ್ದ ಸಂಗತಿಗಳನ್ನು ಗಮನಿಸಿ. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಾರಿನ ರಾಡಾರ್ ಆಕೆಯನ್ನು ಗುರುತಿಸಿತ್ತು. ಆದರೆ ಒಮ್ಮೆ ವಾಹನವೆಂದು, ಒಮ್ಮೆ ಬೇರೇನೋ ಎಂದು, ಮತ್ತೊಮ್ಮೆ ಸೈಕಲೆಂದು ವರ್ಗೀಕರಿಸುತ್ತಾ ಹೋಯಿತು. ಪ್ರತಿ ಬಾರಿ ವರ್ಗ ಬದಲಾದಾಗಲೂ ಹಿಂದಿನ ಚಲನೆಯ ಲೆಕ್ಕವನ್ನು ಕೈಬಿಟ್ಟಿತು. ಪಾದಚಾರಿಗಳಿಗೆ ಗುರುತು ಹಾಕಿದ ಜಾಗವನ್ನು ಬಿಟ್ಟು ಬೇರೆಡೆ ಮನುಷ್ಯರು ರಸ್ತೆ ದಾಟಬಹುದು ಎಂಬ ಸಾಧ್ಯತೆಯೇ ಅದರ ತಂತ್ರಾಂಶದಲ್ಲಿರಲಿಲ್ಲ. ಕಾರಿನಲ್ಲಿ ಮೂಲತಃ ಇದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಪರೀಕ್ಷೆಯ ಸಮಯದಲ್ಲಿ ನಿಷ್ಕ್ರಿಯಗೊಳಿಸಲಾಗಿತ್ತು. ಇವುಗಳಲ್ಲಿ ಒಂದಾದರೂ ಯಂತ್ರದ ನಿರ್ಧಾರವೇ? ಪ್ರತಿಯೊಂದೂ ಯಾವುದೋ ಕಚೇರಿಯ ಮೇಜಿನ ಸುತ್ತ ಕುಳಿತ ಮನುಷ್ಯರು ತೆಗೆದುಕೊಂಡ, ಅಥವಾ ತೆಗೆದುಕೊಳ್ಳಲು ಮರೆತ ನಿರ್ಧಾರ. ಕಂಪನಿಯ ಸುರಕ್ಷತಾ ಸಂಸ್ಕೃತಿಯೇ ದೋಷಪೂರ್ಣವಾಗಿತ್ತೆಂದು ಮಂಡಳಿಯೂ ಹೇಳಿತು. ಆದರೆ ಅಪರಾಧದ ಹೊಣೆ ಯಾರ ಮೇಲೆ ಬಿತ್ತು? ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಆಧಾರವಿಲ್ಲವೆಂದು 2019ರಲ್ಲಿ ಸರಕಾರಿ ವಕೀಲರು ತೀರ್ಮಾನಿಸಿದರು. ಚಾಲಕನ ಆಸನದಲ್ಲಿ ನಿಗಾ ವಹಿಸಲು ಕುಳಿತಿದ್ದ ನೌಕರೆ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಮೇಲ್ವಿಚಾರಣೆಯ ಶಿಕ್ಷೆಗೆ ಒಳಗಾದರು. ಆಕೆ ರಸ್ತೆ ನೋಡುವ ಬದಲು ಮೊಬೈಲ್ ನೋಡುತ್ತಿದ್ದದ್ದು ನಿಜ. ಆಕೆಯ ತಪ್ಪನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಸರಪಳಿಯ ಅತ್ಯಂತ ಕೆಳಗಿನ ಕೊಂಡಿ ಮಾತ್ರ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿತು, ಉಳಿದ ಕೊಂಡಿಗಳೆಲ್ಲ ‘ತಂತ್ರಜ್ಞಾನ’ ಎಂಬ ಪರದೆಯ ಹಿಂದೆ ಸರಿದವು ಎಂಬುದೂ ಅಷ್ಟೇ ನಿಜ.

ಇಷ್ಟಾದರೂ ಪರದೆಯನ್ನು ಇನ್ನಷ್ಟು ದಪ್ಪಗೊಳಿಸಬೇಕೆನ್ನುವವರಿದ್ದಾರೆ. 2017ರ ಫೆಬ್ರವರಿಯಲ್ಲಿ ಯುರೋಪಿಯನ್ ಸಂಸತ್ತು ಅಂಗೀಕರಿಸಿದ ನಿರ್ಣಯವೊಂದರಲ್ಲಿ, ಅತ್ಯಂತ ಮುಂದುವರಿದ ರೋಬೋಟ್‌ಗಳಿಗೆ ಕಾಲಾಂತರದಲ್ಲಿ ‘ವಿದ್ಯುನ್ಮಾನ ವ್ಯಕ್ತಿ’ಗಳ ಸ್ಥಾನಮಾನ ನೀಡುವ ಬಗ್ಗೆ ಪರಿಶೀಲಿಸಬೇಕೆಂಬ ಸಲಹೆಯಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾ ‘ಸೋಫಿಯಾ’ ಎಂಬ ಬೊಂಬೆಗೆ ಪೌರತ್ವ ಘೋಷಿಸಿತು. ಡಿಸೆಂಬರ್‌ನಲ್ಲಿ ಸೋಫಿಯಾ ಸೀರೆಯುಟ್ಟು ಮುಂಬಯಿಯ ಐಐಟಿಗೂ ಬಂದು ಚಪ್ಪಾಳೆ ಗಿಟ್ಟಿಸಿತು. ತಲೆಮಾರುಗಳಿಂದ ಕೊಲ್ಲಿ ರಾಷ್ಟ್ರಗಳಲ್ಲಿ ಬೆವರು ಸುರಿಸುತ್ತಿರುವ ನಮ್ಮ ಕರಾವಳಿಯ ಮನೆಗಳವರಿಗೆ ಈ ಸುದ್ದಿ ಓದಿ ಏನನ್ನಿಸಿತೋ! ವಲಸೆ ಕಾರ್ಮಿಕನಿಗೆ ಕನಸಿನಲ್ಲೂ ಸಿಗದ ಪೌರತ್ವ ರಬ್ಬರಿನ ಮುಖಕ್ಕೆ ವೇದಿಕೆಯ ಮೇಲೆಯೇ ದಕ್ಕಿತು.

ಇದಕ್ಕೆ ಪ್ರತಿವಾದವೊಂದುಂಟು; ಅದು ಹಗುರವಾದದ್ದಲ್ಲ. ಕಂಪನಿಯೂ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯೇ ಅಲ್ಲವೇ? ನಮ್ಮ ದೇಶದ ನ್ಯಾಯಾಲಯಗಳು ದೇವಸ್ಥಾನದ ಮೂರ್ತಿಯನ್ನೂ ಆಸ್ತಿ ಹೊಂದಬಲ್ಲ ವ್ಯಕ್ತಿಯೆಂದು ಮಾನ್ಯ ಮಾಡಿವೆ. ಹಾಗಿರುವಾಗ ರೋಬೋಟಿಗೆ ಏಕೆ ಬೇಡ? ಉತ್ತರ ಇಷ್ಟೇ. ಕಂಪನಿಗೆ ವ್ಯಕ್ತಿತ್ವ ಕೊಟ್ಟದ್ದು ಅದರ ಸಾಲ, ಕರಾರು, ಆಸ್ತಿಗಳು ಮಾಲೀಕರು ಬದಲಾದರೂ ಮುಂದುವರಿಯಲಿ ಎಂದು. ಮೂರ್ತಿಗೆ ಕೊಟ್ಟದ್ದು ಭಕ್ತರ ಕಾಣಿಕೆಯನ್ನು ಅರ್ಚಕನೋ ಧರ್ಮದರ್ಶಿಯೋ ನುಂಗದಿರಲಿ ಎಂದು. ಎರಡೂ ಕಡೆ ಉತ್ತರ ಕೊಡುವ ಜೀವಂತ ಮನುಷ್ಯರನ್ನು ಕಾನೂನು ಗೊತ್ತುಮಾಡಿದೆ. ರೋಬೋಟಿಗೆ ವ್ಯಕ್ತಿತ್ವ ಕೊಡುವ ಉದ್ದೇಶ ಇದಕ್ಕೆ ತದ್ವಿರುದ್ಧ. ಹೊಣೆಯ ಎಳೆ ಮನುಷ್ಯನ ತನಕ ತಲುಪದಂತೆ ನಡುವೆಯೇ ಕತ್ತರಿಸುವುದು. ಜೈಲಿಗೆ ಹಾಕಲಾಗದ, ನಾಚಿಕೆಪಡದ, ತನ್ನದೆಂಬ ಕಾಸೂ ಇಲ್ಲದ ‘ವ್ಯಕ್ತಿ’ಯಿಂದ ಅನಾಥ ಮಕ್ಕಳಿಗೆ ಯಾವ ನ್ಯಾಯ ಸಿಕ್ಕೀತು? 2018ರಲ್ಲಿ ಯುರೋಪಿನ ನೂರೈವತ್ತಕ್ಕೂ ಹೆಚ್ಚು ತಜ್ಞರು ಬಹಿರಂಗ ಪತ್ರ ಬರೆದು ಈ ಸಲಹೆಯನ್ನು ವಿರೋಧಿಸಿದ್ದು ಸಮಾಧಾನದ ಸಂಗತಿ. ಅದಕ್ಕೂ ಮುಂಚೆ, 2010ರಲ್ಲಿ, ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದು ರೋಬೋಟ್‌ಗಳು ಸಾಧನಗಳು ಮಾತ್ರ, ಹೊಣೆಗಾರರು ಮನುಷ್ಯರೇ, ಪ್ರತಿ ರೋಬೋಟಿನ ಹಿಂದಿರುವ ಹೊಣೆಗಾರ ಯಾರೆಂದು ತಿಳಿಯುವಂತಿರಬೇಕು ಎಂಬ ತತ್ತ್ವಗಳನ್ನು ರೂಪಿಸಿತ್ತು.

ನೀತಿಯ ಮಾತು ಬಂದಾಗಲೆಲ್ಲ ಐಸಾಕ್ ಅಸಿಮೋವ್‌ರ ಮೂರು ನಿಯಮಗಳನ್ನು ಉದ್ಧರಿಸುವುದು ರೂಢಿಯಾಗಿಬಿಟ್ಟಿದೆ. ಅಸಿಮೋವ್ ದೊಡ್ಡ ಕಥೆಗಾರರು. 1942ರ ಕಥೆಯೊಂದರಲ್ಲಿ ಅವರು ಆ ನಿಯಮಗಳನ್ನು ಮುಂದಿಟ್ಟದ್ದು ಅವು ಹೇಗೆಲ್ಲ ಇಕ್ಕಟ್ಟಿಗೆ ಸಿಲುಕುತ್ತವೆ ಎಂದು ತೋರಿಸುತ್ತಾ ಕಥೆ ಹೆಣೆಯಲು. ಅದನ್ನು ಮರೆತು ಅವನ್ನೇ ಧರ್ಮಶಾಸ್ತ್ರವೆಂದು ಭಾವಿಸುವುದು ಸರಿಯಲ್ಲ. ಅವುಗಳಲ್ಲಿ ಇನ್ನೂ ಒಂದು ಮೂಲಭೂತ ಕೊರತೆಯಿದೆ: ಆ ನಿಯಮಗಳು ಯಂತ್ರವನ್ನು ಕುರಿತು ನುಡಿಯುತ್ತವೆ, ಒಡೆಯನಿಗೆ ಒಂದು ಮಾತನ್ನೂ ಹೇಳುವುದಿಲ್ಲ. ಸಿನಾಯ್ ಬೆಟ್ಟದ ಮೇಲೆ ದೇವರು ಹತ್ತು ಕಟ್ಟಳೆಗಳನ್ನು ಕೊಟ್ಟಾಗ ಕತ್ತಿಗೋ ರಥಕ್ಕೋ ಕಟ್ಟಳೆ ವಿಧಿಸಲಿಲ್ಲ. ಅವರು ಮಾತನಾಡಿದ್ದು ‘ನೀನು’ ಎಂದು ಕರೆದರೆ ಓಗೊಡಬಲ್ಲ ಮನುಷ್ಯನೊಡನೆ.

ಆದಿಕಾಂಡದ ನಾಲ್ಕನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕು. ಹೊಲದಲ್ಲಿ ಹೇಬೆಲನ ರಕ್ತ ಹರಿದ ಮೇಲೆ ದೇವರು ಕಾಯಿನನನ್ನು ಕರೆದು ಅವನ ತಮ್ಮನ ವಿಷಯ ಕೇಳುತ್ತಾರೆ. ಯಾವ ಆಯುಧವೆಂದು ಕೇಳುವುದಿಲ್ಲ. ಧರ್ಮಗ್ರಂಥ ಆ ಆಯುಧದ ಹೆಸರನ್ನೂ ದಾಖಲಿಸುವುದಿಲ್ಲ. ಕಾಯಿನನಾದರೋ ತಮ್ಮನನ್ನು ಕಾಯುವುದು ತನ್ನ ಹೊಣೆಯೇನೂ ಅಲ್ಲವೆಂದು ಜಾರಿಕೊಳ್ಳುತ್ತಾನೆ. ಇಂದಿನ ಕಾಯಿನನಿಗೆ ಇನ್ನೂ ಸುಲಭದ ದಾರಿ ತೆರೆದಿದೆ: ‘ನಾನಲ್ಲ ಸ್ವಾಮಿ, ನನ್ನ ಯಂತ್ರ.’ ಮನುಷ್ಯನ ಅನುಮತಿಯಿಲ್ಲದೆ ತಾವೇ ಗುರಿ ಆರಿಸಿ ಕೊಲ್ಲುವ ಶಸ್ತ್ರಾಸ್ತ್ರಗಳ ಬಗ್ಗೆ ಜಗತ್ತು ಚರ್ಚಿಸುತ್ತಿರುವುದು ಇದೇ ಕಾರಣಕ್ಕೆ. 2024ರ ಜೂನ್ 14ರಂದು ಇಟಲಿಯಲ್ಲಿ ನಡೆದ ಜಿ-7 ರಾಷ್ಟ್ರಗಳ ಸಭೆಗೆ ಸ್ವತಃ ಹೋದ ಜಗದ್ಗುರು ಫ್ರಾನ್ಸಿಸ್‌ರವರು, ಮನುಷ್ಯನ ಪ್ರಾಣ ತೆಗೆಯುವ ಆಯ್ಕೆ ಯಾವ ಯಂತ್ರದ ಪಾಲಿಗೂ ಹೋಗಬಾರದು, ಇಂಥ ಆಯುಧಗಳನ್ನು ನಿಷೇಧಿಸಬೇಕು ಎಂದು ಬೇಡಿಕೊಂಡರು. ಅದಕ್ಕೆ ಆರು ತಿಂಗಳ ಹಿಂದೆ, 2023ರ ಡಿಸೆಂಬರ್‌ನಲ್ಲಿ, ಇದೇ ವಿಷಯವನ್ನು ಪರಿಶೀಲಿಸಿ ವರದಿ ಸಿದ್ಧಪಡಿಸುವ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದಾಗ 152 ದೇಶಗಳು ಪರವಾಗಿ ನಿಂತವು. ವಿರೋಧಿಸಿದ ನಾಲ್ಕೇ ದೇಶಗಳಲ್ಲಿ ನಮ್ಮ ಭಾರತವೂ ಒಂದು. ಜಿನೀವಾದಲ್ಲಿ ಇದಕ್ಕಾಗಿಯೇ ಬೇರೆ ವೇದಿಕೆಯಿದೆ, ಚರ್ಚೆ ಅಲ್ಲಿಯೇ ನಡೆಯಲಿ ಎಂಬುದು ನಮ್ಮ ಸರಕಾರದ ನಿಲುವು. ಆದರೆ ಎಲ್ಲರ ಒಮ್ಮತವಿಲ್ಲದೆ ಹೆಜ್ಜೆ ಮುಂದಿಡದ ಆ ವೇದಿಕೆಯಲ್ಲಿ ವರ್ಷಗಳೇ ಉರುಳಿವೆ. ಅಹಿಂಸೆಯ ಹೆಸರು ಹೇಳುವ ನಾಡಿನ ಪ್ರಜೆಗಳಾಗಿ ನಾವು ಈ ಮತದ ಬಗ್ಗೆ ನಮ್ಮ ಸಂಸದರನ್ನು ಒಮ್ಮೆಯಾದರೂ ಪ್ರಶ್ನಿಸಿದ್ದೇವೆಯೇ?

ನಮ್ಮವರಲ್ಲೇ ಕೆಲವರ ಕಾಳಜಿ ಬೇರೆ ದಿಕ್ಕಿನಲ್ಲಿದೆ. ರೋಬೋಟ್ ಎಂದರೆ ಪ್ರಕಟಣಾ ಗ್ರಂಥದ ಮೃಗ, ಅಂತ್ಯಕಾಲದ ಸೂಚನೆ ಎಂಬ ವಾಟ್ಸಾಪ್ ಸಂದೇಶಗಳು ಧರ್ಮಕೇಂದ್ರದ ಗುಂಪುಗಳಲ್ಲಿ ಹರಿದಾಡುತ್ತವೆ. ಇದೂ ಹೊಣೆ ಜಾರಿಸಿಕೊಳ್ಳುವ ಇನ್ನೊಂದು ಬಗೆಯಷ್ಟೇ. ಮೊದಲನೆಯವರು ಯಂತ್ರದ ಮೇಲೆ ಹಾಕುತ್ತಾರೆ, ಇವರು ಸೈತಾನನ ಮೇಲೆ ಹಾಕುತ್ತಾರೆ. ಎರಡರಲ್ಲೂ ಮನುಷ್ಯ ಪಾರು.

ಇನ್ನೊಂದು ಪ್ರಶ್ನೆ ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ಜಪಾನಿನಲ್ಲಿ ‘ಪಾರೋ’ ಎಂಬ ರೋಬೋಟಿದೆ. ಬಿಳಿ ತುಪ್ಪಳದ ಸೀಲ್ ಮರಿಯ ರೂಪದ್ದು. ಸವರಿದರೆ ಕಣ್ಣು ಪಿಳುಕಿಸುತ್ತದೆ, ಮೆಲ್ಲನೆ ಕೂಗುತ್ತದೆ. ಮರೆವಿನ ಕಾಯಿಲೆಯ ವೃದ್ಧರ ಉದ್ವೇಗವನ್ನು ಶಮನಗೊಳಿಸಲು 2000ದ ದಶಕದಿಂದ ಹಲವು ದೇಶಗಳ ಆರೈಕೆ ಮನೆಗಳಲ್ಲಿ ಅದರ ಬಳಕೆಯಿದೆ. ಮಕ್ಕಳು ದುಬೈಯಲ್ಲೋ ಟೊರೊಂಟೋದಲ್ಲೋ ಇದ್ದು, ತಂದೆತಾಯಿ ಮಾತ್ರ ದೊಡ್ಡ ಮನೆಯಲ್ಲಿ ಉಳಿದಿರುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ? ಇಂಥ ಬೊಂಬೆಗಳು ನಾಳೆ ಇಲ್ಲಿಗೂ ಬರುತ್ತವೆ. ಔಷಧಿಯ ಹೊತ್ತನ್ನು ನೆನಪಿಸುವ, ಬಿದ್ದವರನ್ನು ಎತ್ತಲು ನೆರವಾಗುವ ಯಂತ್ರವನ್ನು ಬೇಡವೆನ್ನುವುದು ಮೂರ್ಖತನ; ಸೊಂಟ ಮುರಿದುಕೊಂಡು ಹಿರಿಯರನ್ನು ಎತ್ತಿ ಮಲಗಿಸುವ ಸೊಸೆಯನ್ನೋ ದಾದಿಯನ್ನೋ ಕೇಳಿ ನೋಡಿ. ಬೊಂಬೆಯ ಸ್ಪರ್ಶದಿಂದ ಅಜ್ಜಿಗೆ ನಿದ್ದೆ ಬಂದರೆ ಅದರಲ್ಲಿ ಪಾಪವಿಲ್ಲ. ಆದರೆ ಬೊಂಬೆ ಇದೆಯಲ್ಲ ಎಂದು ಮಗನ ದೂರವಾಣಿ ಕರೆ ತಪ್ಪಿದರೆ, ಆ ಯಂತ್ರ ಪ್ರೀತಿಸುವಂತೆ ನಟಿಸುತ್ತಾ ಪ್ರೀತಿಸಬೇಕಾದವನಿಗೆ ರಜೆ ಮಂಜೂರು ಮಾಡಿದಂತಾಗುತ್ತದೆ.

ಧರ್ಮಸಭೆಯ ಅಂಗಳವೂ ಈ ಆಮಿಷದಿಂದ ಹೊರತಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಕಥೋಲಿಕ ಸಂಸ್ಥೆಯೊಂದು ವಿಶ್ವಾಸದ ಪ್ರಶ್ನೆಗಳಿಗೆ ಉತ್ತರಿಸಲು ‘ಫಾದರ್ ಜಸ್ಟಿನ್’ ಎಂಬ ಕಂಪ್ಯೂಟರ್ ಯಾಜಕನನ್ನು ಸೃಷ್ಟಿಸಿತು. ಅದು ತಾನು ನಿಜವಾದ ಯಾಜಕನೆಂದೇ ಹೇಳಿಕೊಳ್ಳತೊಡಗಿತು. ಕೆಲವೇ ದಿನಗಳಲ್ಲಿ ಅದರ ಬಿಳಿ ಕಾಲರನ್ನು ಕಳಚಿ, ‘ಫಾದರ್’ ಪದವನ್ನು ಕಿತ್ತುಹಾಕಬೇಕಾಯಿತು. ಅದಕ್ಕೆ ಕೈಕಾಲುಗಳಿರಲಿಲ್ಲ, ನಿಜ. ಆದರೆ ಪಾಠ ಅದೇ. ಪಾಪನಿವೇದನೆಯ ಪೀಠದಲ್ಲಿ ಕುಳಿತವನೂ ಪಾಪಿಯೇ. ತನ್ನ ಪಾಪಕ್ಕೆ ತಾನೂ ದೇವರ ಮುಂದೆ ಉತ್ತರ ಕೊಡಬೇಕಾದವನು. ಅದಿಲ್ಲದ ಬಾಯಿಂದ ಬರುವ ಕ್ಷಮೆಯ ಮಾತು ಮಾತಲ್ಲ, ಸದ್ದು.

ಉದ್ಯೋಗದ ವಿಚಾರಕ್ಕೆ ಬರೋಣ. ‘ರೋಬೋಟ್ ಬಂದರೆ ಕೆಲಸ ಹೋಗುತ್ತದೆ’ ಎಂಬ ಆತಂಕ ಸಹಜವೇ. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1981ರಲ್ಲಿ ಹೊರಡಿಸಿದ, ಮಾನವ ದುಡಿಮೆಯನ್ನು ಕುರಿತ ವಿಶ್ವಪತ್ರದಲ್ಲಿ ದುಡಿಮೆಯ ಬೆಲೆಯನ್ನು ಮಾಡಿದ ವಸ್ತುವಿನಿಂದಲ್ಲ, ಮಾಡುವ ವ್ಯಕ್ತಿಯಿಂದ ಅಳೆಯಬೇಕೆಂದು ಬೋಧಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೇ ಲಿಯೋರವರು ತಮ್ಮ ಹೆಸರಿನ ಆಯ್ಕೆಗೆ ಕಾರಣ ಕೊಡುತ್ತಾ, 1891ರಲ್ಲಿ ಹದಿಮೂರನೇ ಲಿಯೋರವರು ಕೈಗಾರಿಕಾ ಕ್ರಾಂತಿಯ ಕಾಲದ ಕಾರ್ಮಿಕರ ಪರವಾಗಿ ದನಿಯೆತ್ತಿದ್ದನ್ನೂ, ಇಂದು ಕೃತಕ ಬುದ್ಧಿಮತ್ತೆ ಒಡ್ಡಿರುವ ಸವಾಲನ್ನೂ ಜೋಡಿಸಿ ನೆನಪಿಸಿದರು. ಆದರೆ ದುಡಿಯುವ ವ್ಯಕ್ತಿಯೇ ಮುಖ್ಯ ಎಂದ ಮೇಲೆ, ಎಲ್ಲ ಕೆಲಸಗಳನ್ನೂ ಹಾಗೆಯೇ ಉಳಿಸಿಕೊಳ್ಳಬೇಕು ಎಂದೇನೂ ಆಗುವುದಿಲ್ಲ. ಮನುಷ್ಯನನ್ನು ಮನುಷ್ಯನಾಗಿ ಉಳಿಸದ ಕೆಲಸಗಳೂ ಇವೆ. ಅಂಥವು ನಾಳೆ ಹೋಗುವ ಬದಲು ಇಂದೇ ಹೋಗಲಿ.

ಆಳುಗುಂಡಿಗೆ ಇಳಿಯುವ ಕೆಲಸ ಅವುಗಳಲ್ಲಿ ಮೊದಲನೆಯದು. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಸತ್ತು, ಅಪಾಯ ದೂರವಾಯಿತೆಂಬ ಭ್ರಮೆ ಹುಟ್ಟುತ್ತದೆ. ಮೊದಲು ಇಳಿದವನು ಕುಸಿಯುತ್ತಾನೆ, ಎತ್ತಲು ಇಳಿದವನೂ ಕುಸಿಯುತ್ತಾನೆ. 2015ರ ನವೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ಇಬ್ಬರು ಕಾರ್ಮಿಕರು ಹೀಗೆ ಗುಂಡಿಯಲ್ಲಿ ಸಿಕ್ಕಿಬಿದ್ದಾಗ, ದಾರಿಯಲ್ಲಿ ಹೋಗುತ್ತಿದ್ದ ಆಟೋ ಚಾಲಕನೊಬ್ಬ ಅವರನ್ನು ಉಳಿಸಲು ತಾನೂ ಇಳಿದ. ಮೂವರೂ ಸತ್ತರು. ಒಳ್ಳೆಯ ಸಮಾರಿತನ ಸಾಮತಿಯನ್ನು ಪ್ರತಿವರ್ಷ ಓದುವ ನಾವು ಆ ಚಾಲಕನ ಮುಂದೆ ತಲೆಬಾಗಬೇಕು. ಈ ಘಟನೆಯಿಂದ ಕಲಕಿಹೋದ ಕೇರಳದ ಕೆಲವು ಎಂಜಿನಿಯರಿಂಗ್ ಯುವಕರು ಒಂದು ರೋಬೋಟ್ ರಚಿಸಿದರು. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು. ಹೆಸರು ‘ಬ್ಯಾಂಡಿಕೂಟ್’, ಅಂದರೆ ಹೆಗ್ಗಣ. ಕ್ಯಾಮೆರಾ ಮತ್ತು ಅನಿಲ ಸಂವೇದಕಗಳನ್ನು ಹೊತ್ತು ಅದು ಗುಂಡಿಗಿಳಿದು ಹೂಳನ್ನು ಬಾಚಿ ಮೇಲಕ್ಕೆ ತರುತ್ತದೆ; ನಿರ್ವಾಹಕ ರಸ್ತೆಯ ಮೇಲೆ ನಿಂತು ಪರದೆ ನೋಡುತ್ತಾ ನಡೆಸುತ್ತಾನೆ. ಗುಂಡಿಗೆ ಇಳಿಯುತ್ತಿದ್ದವರಿಗೇ ಅದನ್ನು ನಡೆಸುವ ತರಬೇತಿ ಕೊಟ್ಟದ್ದು ನನಗೆ ಆ ಯಂತ್ರಕ್ಕಿಂತಲೂ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂತು. 2013ರಲ್ಲಿ ಇನ್ನಷ್ಟು ಬಿಗಿಯಾದ ಕಾನೂನು ಬಂತು. ನಮ್ಮದೇ ಕೋಲಾರ ಚಿನ್ನದ ಗಣಿಯ ಪೌರಕಾರ್ಮಿಕ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್‌ರವರು ಈ ಪದ್ಧತಿಯ ವಿರುದ್ಧ ಜೀವನವನ್ನೇ ಸವೆಸಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದರು. 2023ರ ಕೇಂದ್ರ ಬಜೆಟ್‌ನಲ್ಲಿ ಮನುಷ್ಯರ ಬದಲು ಯಂತ್ರಗಳೇ ಗುಂಡಿಗಿಳಿಯುವ ವ್ಯವಸ್ಥೆಯ ಘೋಷಣೆಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಂಡಿಯಲ್ಲಿ ಸತ್ತವರ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಗುಂಡಿಗೆ ಇಳಿಸಬಾರದೆಂದು ಮತ್ತೆ ಆಜ್ಞಾಪಿಸಬೇಕಾಯಿತು. ಮತ್ತೆ ಆಜ್ಞಾಪಿಸಬೇಕಾಯಿತು ಎಂಬುದರಲ್ಲೇ ಎಲ್ಲವೂ ಇದೆ.

ಚೆನ್ನೈಯಲ್ಲಿ 2017ರಲ್ಲಿ, ಬೆಂಗಳೂರಿನಲ್ಲಿ 2019ರಲ್ಲಿ ರೋಬೋಟ್‌ಗಳೇ ತಟ್ಟೆ ತಂದುಕೊಡುವ ಹೋಟೆಲುಗಳು ತೆರೆದಾಗ ಜನ ಮಕ್ಕಳೊಡನೆ ಸಾಲುಗಟ್ಟಿದರು. ತಟ್ಟೆ ತರುವ ಕೆಲಸದಿಂದ ಯಾರೂ ಸಾಯುವುದಿಲ್ಲ. ಸಾಯುವ ಕೆಲಸಕ್ಕೆ ಮಾತ್ರ ಅಗ್ಗದ ಮನುಷ್ಯ ಇದ್ದೇ ಇದ್ದಾನೆ. ಹೇಳಿದಲ್ಲಿಗೆ ಇಳಿಯುವ, ಎದುರಾಡದ, ಸತ್ತರೆ ಇನ್ನೊಬ್ಬನನ್ನು ತರಬಹುದಾದ ಆಳು. ಚಾಪೆಕ್ ಬಳಸಿದ ಮೂಲಾರ್ಥದಲ್ಲಿ ನಮ್ಮ ನಾಡಿನ ರೋಬೋಟ್ ಅವನೇ. ಯಂತ್ರಕ್ಕೆ ‘ವ್ಯಕ್ತಿ’ಯ ಪಟ್ಟ ಕಟ್ಟಲು ಹೊರಟ ಜಗತ್ತು ಅವನಿಗೆ ಯಂತ್ರದ ಪಟ್ಟವನ್ನು ಎಂದೋ ಕಟ್ಟಿದೆ. ಅವನು ಸತ್ತ ಮರುದಿನ ಕೇಳಿಬರುವ ಮಾತುಗಳನ್ನೂ ಗಮನಿಸಿ. ನಗರಸಭೆಯವರು ಗುತ್ತಿಗೆದಾರನನ್ನು ತೋರಿಸುತ್ತಾರೆ, ಗುತ್ತಿಗೆದಾರ ಮೇಸ್ತ್ರಿಯನ್ನು ತೋರಿಸುತ್ತಾನೆ, ಮೇಸ್ತ್ರಿ ‘ನಾವು ಬೇಡವೆಂದರೂ ಅವನೇ ಇಳಿದ’ ಎನ್ನುತ್ತಾನೆ. ‘ಯಂತ್ರವೇ ನಿರ್ಧರಿಸಿತು’ ಎಂಬುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಈ ಪ್ರಶ್ನೆಯನ್ನು ನಗರಸಭೆಗೆ ಕೇಳುವ ಮೊದಲು ನಮ್ಮ ಆವರಣದಲ್ಲೇ ಕೇಳಿಕೊಳ್ಳಬೇಕು. ನಮ್ಮ ಶಾಲೆಗಳಿಗೆ, ವಿದ್ಯಾರ್ಥಿನಿಲಯಗಳಿಗೆ, ಕನ್ಯಾಮಠಗಳಿಗೆ, ಆಸ್ಪತ್ರೆಗಳಿಗೆ, ಸಮುದಾಯ ಭವನಗಳಿಗೆ ಮಲಗುಂಡಿಗಳಿವೆ, ಅವು ತುಂಬುತ್ತವೆ. ಫೋನು ಮಾಡಿದರೆ ಸಕ್ಕಿಂಗ್ ಮೆಷಿನ್ ಬರುತ್ತದೆ. ಪೈಪಿಗೆ ಎಟುಕದ ತಳದ ಹೂಳನ್ನು ಕೆರೆಯಲು ಆ ಲಾರಿಯೊಂದಿಗೆ ಬಂದ ಹುಡುಗ ಒಳಗೆ ಇಳಿದನೇ ಇಲ್ಲವೇ ಎಂದು ನಮ್ಮ ಪಾಲನಾ ಸಮಿತಿಗಳ ಯಾವ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ? ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಸಾಲು ಇರಲಿ. ಇಳಿಯುವುದಿಲ್ಲವೆಂಬ ಷರತ್ತನ್ನು ಲಿಖಿತವಾಗಿ ಪಡೆಯಲಿ, ಹೆಚ್ಚು ಹಣವಾದರೂ ಸರಿಯಾದ ಯಂತ್ರವಿರುವವರನ್ನೇ ಕರೆಯಲಿ. ಮುಚ್ಚಳ ತೆರೆದ ಹೊತ್ತಿನಿಂದ ಮತ್ತೆ ಮುಚ್ಚುವವರೆಗೂ ಸಮಿತಿಯ ಸದಸ್ಯರೊಬ್ಬರು ಮೂಗು ಮುಚ್ಚಿಕೊಂಡಾದರೂ ಆ ಗುಂಡಿಯ ಪಕ್ಕದಲ್ಲೇ ನಿಂತಿರಲಿ.